ಪಕ್ಕಬಾಗಿಲಿನ ಪಿಕಪ್ಪು ಮತ್ತು ನನ್ನ ಷಡ್ಡಕ

ನನ್ನ ಷಡ್ಡಕ ನನಗಿಂತ ಒಳ್ಳೆಯ ಕೆಲಸಗಾರ ಎಂದು ಬರೆಯುವುದಕ್ಕೆ ಈ ವಯಸ್ಸಿನಲ್ಲೂ ನನ್ನ ಕೈ ಏಳುವುದಿಲ್ಲ. ಬರೆದೆ, ನೋಡಿ. ಬರೆದವನು ಎದ್ದು ಹೋಗಿ ಒಂದು ಚೊಂಬು ನೀರು ಕುಡಿದು ಬಂದೆ. ಮೊಣಕಾಲು ಸೋತವು, ಹಲ್ಲು ಬಿದ್ದವು, ಹೊಟ್ಟೆಕಿಚ್ಚು ಮಾತ್ರ ಮದುವೆಗಂಡಿನ ಹಾಗೆ ಗಟ್ಟಿಯಾಗಿದೆ.

ಷಡ್ಡಕ ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ. ನಮ್ಮಿಬ್ಬರಿಗೂ ಹೆಣ್ಣು ಕೊಟ್ಟ ಮಾವನಿಗೆ ಆದೋನಿಯಲ್ಲಿ ಗಾಡಿಗಳಿಗೆ ಬಾಡಿ ಕಟ್ಟುವ ಶೆಡ್ಡು ಇತ್ತು. ಸ್ಟೇಷನ್ನಿನಿಂದ ಹತ್ತಿ ಬಿಡಿಸುವ ಜಿನ್ನುಗಳ ಕಡೆ ಹೋಗುವ ರಸ್ತೆಯಲ್ಲಿ ಒಂದು ತಗಡಿನ ಮಾಡು, ಮುಂದೆ ಬೇವಿನ ಮರ. ಮಾವನಿಗೆ ಗಂಡು ಮಕ್ಕಳಿರಲಿಲ್ಲ. ಹಿರಿಯ ಮಗಳು ನನಗೆ, ಕಿರಿಯವಳು ಅವನಿಗೆ. ನಾನು ಆ ಶೆಡ್ಡಿನಲ್ಲಿ ಒಂಬತ್ತು ವರ್ಷ ಸುತ್ತಿಗೆ ಹಿಡಿದವನು. ಅವನು ಮದುವೆಯಾದ ಮೇಲೆ ಬಂದವನು. ಅದಕ್ಕೂ ಮೊದಲು ರಾಯಚೂರಿನಲ್ಲಿ ಅಂಗಡಿಗಳಿಗೆ ಬೋರ್ಡು ಬರೆದುಕೊಂಡಿದ್ದ. ಬಳ್ಳಾರಿ ಅತ್ತ ಮೈಸೂರಿಗೆ ಹೋಗಿ ನಾವು ಇತ್ತ ಆಂಧ್ರಕ್ಕೆ ಸೇರಿ ಎರಡು ಮೂರು ವರ್ಷವಾಗಿದ್ದ ಕಾಲ ಅದು.

ಶೆಡ್ಡಿನ ಬಾಗಿಲಲ್ಲಿ ಒಂದು ಹಲಗೆ, ಹಲಗೆಯ ಮೇಲೆ ಹತ್ತಿಯ ಗಾದಿ. ಬಂದ ಗಿರಾಕಿ ಮೊದಲು ಆ ಗಾದಿಯ ಮೇಲೆ ಕೂತವನಿಗೆ ಕೈ ಮುಗಿಯಬೇಕು, ಆಮೇಲೆ ಮಾತು. ಅಲ್ಲಿ ಮಾವ ಕೂರುತ್ತಿದ್ದರು. ಅವರ ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು. ಅವರ ನಂತರ ಅಲ್ಲಿ ಕೂರುವವನು ನಾನೇ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಅವನು ಬರುವ ತನಕ.

ನಮ್ಮ ಕಸುಬಿಗೆ ಒಂದು ವಿಚಿತ್ರ ವಿದ್ಯೆ ಬೇಕಿತ್ತು, ಹಳೆಯ ಫೋಟೋ ಓದುವುದು. ಯುದ್ಧಕ್ಕೂ ಮೊದಲು ಈ ಸೀಮೆಯ ದೊಡ್ಡ ರೈತರು, ಹತ್ತಿ ವ್ಯಾಪಾರಿಗಳು ಅಮೆರಿಕದ ಸಣ್ಣ ಪಿಕಪ್ಪುಗಳನ್ನು ತರಿಸಿದ್ದರು. ಯುದ್ಧದಲ್ಲಿ ಪೆಟ್ರೋಲು ಸಿಗದೆ ಹೋದಾಗ ಅವಕ್ಕೆ ಇದ್ದಿಲ ಗ್ಯಾಸಿನ ಒಲೆ ಕಟ್ಟಿ, ಹಿಂದಿನ ಬಾಡಿ ಕಿತ್ತೆಸೆದು, ಜಾಲಿ ಮರದ ಹಲಗೆ ಹೊಡೆದು ಬಂಡಿಯ ಅವತಾರ ಮಾಡಿಟ್ಟಿದ್ದರು. ಈಗ ಕೈ ಸ್ವಲ್ಪ ಸಡಿಲವಾದದ್ದೇ ತಡ, ‘ನಮ್ಮ ಗಾಡಿ ಮೊದ್ಲು ಹೆಂಗಿತ್ತೋ ಹಂಗ ಮಾಡಿಕೊಡ್ರಿ’ ಎಂದು ಬರುತ್ತಿದ್ದರು. ಹೇಗಿತ್ತು ಎಂದರೆ ಯಾರಿಗೂ ನೆನಪಿಲ್ಲ. ಮನೆಯ ಗೋಡೆಯ ಮೇಲಿನ ಒಂದು ಫೋಟೋ ಇಳಿಸಿಕೊಂಡು ತರುತ್ತಿದ್ದರು. ಅದರಲ್ಲಿ ಮನೆಮಂದಿಯೆಲ್ಲ ಗಾಡಿಯ ಮುಂದೆ ಸಾಲಾಗಿ ನಿಂತು ಗಾಡಿಯನ್ನೇ ಮುಚ್ಚಿಬಿಟ್ಟಿರುತ್ತಿದ್ದರು. ಅವರ ಸಂದಿಯಲ್ಲಿ ಕಾಣುವ ಒಂದು ಹಿಡಿಕೆ, ಒಂದು ಕೀಲು, ಅರ್ಧ ಚಕ್ರ, ಇಷ್ಟರಿಂದ ಇಡೀ ಬಾಡಿ ಗುರುತಿಸಬೇಕು.

ಮಾವನಿಗೆ ಅವುಗಳ ಅಮೆರಿಕದ ಹೆಸರು ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಮುಂದೆ ಬಟ್ಟೆಯ ಟಾಪು, ಹಿಂದೆ ತೆರೆದ ಡಬ್ಬಿ ಇದ್ದರೆ ಅದು ಬೋಳು ಗಾಡಿ. ಡಬ್ಬಿಯ ಪಕ್ಕಗಳಿಗೆ ತಂತಿಬಲೆ ಹೊಡೆದಿದ್ದರೆ ಜಾಲರಿ ಗಾಡಿ. ಡಬ್ಬಿಯ ಮೇಲೆ ಕಂಬ ನಿಲ್ಲಿಸಿ ಮಾಡು ಹಾಕಿ ಸುರುಳಿ ಪರದೆ ಇಳಿಬಿಟ್ಟಿದ್ದರೆ ಚಪ್ಪರದ ಗಾಡಿ. ಮುಂದಿನಿಂದ ನೋಡಿದರೆ ಸಾಹೇಬರ ಕಾರಿನಂತಿದ್ದು, ಹಿಂದಿನ ಡಿಕ್ಕಿ ತೆಗೆದು ಕಬ್ಬಿಣದ ಪೆಟ್ಟಿಗೆ ತುರುಕಿದ್ದರೆ ಬಾಲದ ಗಾಡಿ, ಅದು ಅಪರೂಪ. ಇವೆಲ್ಲವುಗಳಿಗಿಂತ ಅಪರೂಪದ್ದು ಪಕ್ಕಬಾಗಿಲಿನ ಚಪ್ಪರ. ಮಾಮೂಲು ಚಪ್ಪರದ ಗಾಡಿಗೆ ಹಿಂದಿನಿಂದಲೇ ಹತ್ತಬೇಕು. ಇದಕ್ಕೆ ಡ್ರೈವರನ ಕೋಣೆಯ ಹಿಂದೆ, ಒಂದು ಪಕ್ಕದಲ್ಲಿ ಸಣ್ಣ ಬಾಗಿಲು, ಬಾಗಿಲ ಕೆಳಗೆ ಕಬ್ಬಿಣದ ಮೆಟ್ಟಿಲು. ಹೆಂಗಸರು ಹಿಂದಿನ ಹಲಗೆ ಹತ್ತುವ ಅವಮಾನ ಇಲ್ಲದೆ ಮರ್ಯಾದೆಯಿಂದ ಒಳಗೆ ಹೋಗಬಹುದು. ಮಾವ ತಮ್ಮ ಜನ್ಮದಲ್ಲಿ ಅಂಥದ್ದನ್ನು ಬಳ್ಳಾರಿಯಲ್ಲಿ ಒಂದೇ ಒಂದು ಸಲ ನೋಡಿದ್ದರು. ನಾನು ನೋಡಿರಲಿಲ್ಲ.

ಫೋಟೋ ಓದುವುದನ್ನು ನನಗೆ ಮಾವ ಕಲಿಸಿದರು. ಭೂತಗನ್ನಡಿ ಹಿಡಿದು ರಿವೆಟ್ಟು ಎಣಿಸುವುದು, ನೆರಳು ಅಳೆಯುವುದು, ಚಕ್ರದ ಕಡ್ಡಿಯಿಂದ ಗಾಡಿಯ ವಯಸ್ಸು ಹೇಳುವುದು. ಒಂಬತ್ತು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಲಿತೆ. ಅವನು ಭೂತಗನ್ನಡಿಯನ್ನು ಮುಟ್ಟಲೇ ಇಲ್ಲ. ಫೋಟೋವನ್ನು ತೋಳಿನಷ್ಟು ದೂರ ಹಿಡಿದು ಹೆಂಡತಿಯ ಮುಖ ನೋಡುವವನ ಹಾಗೆ ನೋಡುತ್ತಿದ್ದ. ನಾನು ಗಾಡಿ ನೋಡುತ್ತಿದ್ದೆ, ಅವನು ಜನರನ್ನು ನೋಡುತ್ತಿದ್ದ. ಅದು ನನಗೆ ಆಗ ಹೊಳೆಯಲಿಲ್ಲ.

ಮೊದಲ ಏಟು ಬಿದ್ದದ್ದು ಎಮ್ಮಿಗನೂರಿನ ಒಬ್ಬ ಸೀರೆ ವ್ಯಾಪಾರಿಯ ಗಾಡಿಯಿಂದ. ಫೋಟೋದಲ್ಲಿ ಗಾಡಿಗೆ ಚೆಂಡುಹೂವಿನ ಸರ ಸುತ್ತಿ, ಕುಂಕುಮ ಬಳಿದು, ಗುರುತೇ ಸಿಗದ ಹಾಗೆ ಮಾಡಿದ್ದರು. ಹೂವು ಸುತ್ತಿದ ನಾಲ್ಕು ಕಂಬ ಮಾತ್ರ ನೆಟ್ಟಗೆ ಕಾಣುತ್ತಿದ್ದವು. ಮೇಲಿನ ಭಾಗ ಫೋಟೋದ ಅಂಚಿಗೆ ಕತ್ತರಿಸಿಹೋಗಿತ್ತು. ನಾನು ಭೂತಗನ್ನಡಿ ಇಟ್ಟು ನೋಡಿ, ‘ಚಪ್ಪರದ ಗಾಡಿ’ ಎಂದೆ. ಕಂಬಕ್ಕೆ ತೇಗದ ಮರವನ್ನೂ ಕೊಯ್ಯಿಸಿದೆ. ಮೂರನೆಯ ದಿನ ಅವನು ಬಣ್ಣ ಕಲಸುತ್ತಾ ಫೋಟೋದ ಕಡೆ ಕಣ್ಣು ಹಾಯಿಸಿದ.

‘ಅಣ್ಣ, ಇವು ಕಂಬ ಅಲ್ಲ ಅನಸ್ತೈತ್ರಿ,’ ಎಂದ. ‘ಬಾಳಿ ದಿಂಡು. ಆಯುಧ ಪೂಜಿಗೆ ಕಟ್ಟ್ಯಾರ. ನೋಡ್ರಿ, ಈ ಕಡೀದು ಗಾಳಿಗೆ ವಾಲೇತಿ. ಕಂಬ ಎಲ್ಲ್ಯಾದ್ರೂ ವಾಲ್ತೈತೇನು.’

ಅದು ಬೋಳು ಗಾಡಿಯಾಗಿತ್ತು. ಮಾವ ಕೆಮ್ಮು ಬರುವ ತನಕ ನಕ್ಕರು. ‘ಅಳಿಯಾರು ಬಾಳಿ ದಿಂಡಿಗೆ ತಗಡು ಹೊಡೀತಿದ್ರಲ್ಲೋ,’ ಎಂದು ಕಣ್ಣೊರೆಸಿಕೊಂಡರು. ಅವನು ನಗಲಿಲ್ಲ. ನಕ್ಕಿದ್ದರೆ ಎರಡು ಬಾರಿಸಿ ಮುಗಿಸಬಹುದಿತ್ತು. ಕೊಯ್ಯಿಸಿದ ಮರವನ್ನು ಅವನೇ ಎತ್ತಿ ಅಟ್ಟದ ಮೇಲಿಟ್ಟ.

ಅವತ್ತಿನಿಂದ ಅವನು ಉಸಿರಾಡಿದರೂ ನನಗೆ ಆಗುತ್ತಿರಲಿಲ್ಲ. ಯುಗಾದಿಗೆ ಮಾವನ ಮನೆಯಲ್ಲಿ ಇಬ್ಬರೂ ಪಕ್ಕ ಪಕ್ಕ ಊಟಕ್ಕೆ ಕೂತರೆ, ಅತ್ತೆ ಅವನ ಹೋಳಿಗೆಗೆ ತುಪ್ಪ ಬಿಡುವಾಗ ಧಾರೆ ಎಷ್ಟು ಹೊತ್ತು ಬಿತ್ತು ಎಂದು ನೋಡುತ್ತಿದ್ದೆ. ನನಗೆ ಬಿದ್ದದ್ದು ಕಡಿಮೆ ಎಂದು ಇವತ್ತಿಗೂ ಹೇಳುತ್ತೇನೆ. ಅವನ ಅಕ್ಷರ ಚೆಂದ, ಅವನ ಮೀಸೆ ಚೆಂದ, ಗಿರಾಕಿಗಳೊಂದಿಗೆ ಅವನು ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಮುಗಿಸುವ ಮಾತೂ ಚೆಂದ. ‘ತಮ್ಮನಂಥವನು ಸಿಕ್ಕಾನ ನಿಮಗ, ಪುಣ್ಯ ಮಾಡೀರಿ,’ ಎಂದು ಹೆಂಡತಿ ಒಮ್ಮೆ ಹೇಳಿ, ನನ್ನ ಮುಖ ನೋಡಿ ಒಳಗೆ ಹೋಗಿಬಿಟ್ಟಳು.

ಆ ಬೇಸಿಗೆಯ ಕೊನೆಯಲ್ಲಿ ಮಾವ ಇಬ್ಬರನ್ನೂ ಗಾದಿಯ ಹತ್ತಿರ ಕರೆದರು.

‘ಈ ಶ್ರಾವಣಕ್ಕ ನಾ ಗಾದಿ ಬಿಡ್ತೀನಿ,’ ಎಂದರು. ‘ಕಣ್ಣು ಮಸುಕಾತು. ಸುತ್ತಿಗಿ ಯಾರಾದ್ರೂ ಹೊಡೀತಾರ. ಫೋಟೋದಾಗ ಗಾಡಿ ಕಾಣೋ ಕಣ್ಣು ಯಾರಿಗೈತೋ ಅವರು ಇಲ್ಲಿ ಕೂಡ್ರಲಿ. ಹಿರೇರು ಕಿರೇರು ಅಂತ ನಾ ನೋಡಂಗಿಲ್ಲ.’

ಹಿರಿಯರು ಕಿರಿಯರು ಎಂದು ನೋಡುವುದಿಲ್ಲವಂತೆ. ಹಾಗಾದರೆ ನನ್ನ ಒಂಬತ್ತು ವರ್ಷ ಯಾವ ಬಾವಿಗೆ ಬಿತ್ತು? ಬಾಯಿಬಿಟ್ಟು ಕೇಳಲಿಲ್ಲ. ‘ಆಗ್ಲಿ ಮಾವ’ ಎಂದೆ. ಅವನು ಕೈಗಂಟಿದ ಬಣ್ಣ ಕೆರೆದುಕೊಳ್ಳುತ್ತಿದ್ದ.

ಮುಂದಿನ ವಾರ ಆಸ್ಪರಿಯ ಕಡೆಯಿಂದ ಒಬ್ಬ ರೈತ ಒಂದು ಪಿಕಪ್ಪನ್ನು ಎತ್ತುಗಳಿಂದ ಎಳೆಸಿಕೊಂಡು ಬಂದ. ತೆಲುಗು ಮನೆತನ, ಶೇಂಗಾ ಹತ್ತಿ ಬೆಳೆಯುವವರು. ಎಂಜಿನ್ನು ಗಟ್ಟಿಯಾಗಿತ್ತು, ಹಿಂದಿನ ಮರದ ಬಾಡಿಯನ್ನು ಗೆದ್ದಲು ತಿಂದಿತ್ತು. ರೈತನ ತಾಯಿ ಮದುವೆಯಾಗಿ ಬಂದ ಹೊಸದರಲ್ಲಿ ಗಂಡನೊಂದಿಗೆ ಇದೇ ಗಾಡಿಯಲ್ಲಿ ಉರುಕುಂದದ ಈರಣ್ಣ ಸ್ವಾಮಿಗೆ ಹೋಗಿದ್ದಳಂತೆ. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಬರುವ ಶ್ರಾವಣದಲ್ಲಿ ಅದೇ ಗಾಡಿಯಲ್ಲಿ, ಅದು ಆಗ ಇದ್ದ ಹಾಗೆಯೇ ಕೂತು, ಇನ್ನೊಂದು ಸಲ ಹೋಗಬೇಕು ಎಂಬುದು ಮುದುಕಿಯ ಆಸೆ. ಮಗನಿಗೆ ಗಾಡಿಯ ಹಳೆಯ ರೂಪ ನೆನಪಿಲ್ಲ, ಹತ್ತಿ ಹೇರಲೆಂದು ಅವರು ಯುದ್ಧಕ್ಕೂ ಬಹಳ ಮೊದಲೇ, ಅವನಿಗೆ ಬುದ್ಧಿ ತಿಳಿಯುವ ಮುನ್ನ, ಮರದ ಬಾಡಿ ಹೊಡೆಸಿದ್ದರು. ಪಂಚೆಯಲ್ಲಿ ಸುತ್ತಿ ತಂದಿದ್ದ ಫೋಟೋ ಬಿಚ್ಚಿ ಮಾವನ ಕೈಗಿಟ್ಟ.

ಫೋಟೋದಲ್ಲಿ ಗಾಡಿಯ ಮೂತಿ ಎಡಕ್ಕಿತ್ತು. ಅಂದರೆ ಗಾಡಿಯ ಎಡಮಗ್ಗುಲು ನಮ್ಮ ಕಡೆಗೆ. ಮುಂದೆ ಮದುಮಕ್ಕಳು, ಅಂದರೆ ಆ ರೈತನ ತಂದೆ ತಾಯಿ, ನಿಂತಿದ್ದರು. ಗಂಡ ಶಾಲು ಹೊದ್ದಿದ್ದ, ಹೆಣ್ಣು ತಲೆ ತಗ್ಗಿಸಿದ್ದಳು. ಸ್ಟೇರಿಂಗು, ನಂಬರು, ಎಲ್ಲವನ್ನೂ ಹೂವಿನ ಸರಗಳು ನುಂಗಿದ್ದವು. ಮಾಡಿನ ಅಂಚು ಸ್ಪಷ್ಟವಾಗಿತ್ತು. ನಾನು ಈ ಸಲ ಬಾಳೆ ದಿಂಡು ಇದೆಯೇ ಎಂದು ಎರಡೆರಡು ಸಲ ನೋಡಿ, ‘ಮಾಮೂಲು ಚಪ್ಪರದ ಗಾಡಿ’ ಎಂದೆ.

ಷಡ್ಡಕ ಫೋಟೋ ತೆಗೆದುಕೊಂಡು ಬೆಳಕಿಗೆ ಹಿಡಿದ.

‘ಮಾವ, ಗಂಡಿನ ಒಂದು ಮೊಣಕಾಲು ಮ್ಯಾಲ ಐತಿ. ಪಂಚಿ ಎಳದು ನಿಂತೈತಿ ನೋಡ್ರಿ. ಏನೋ ತುಳದು ನಿಂತಾನ. ಕಲ್ಲಲ್ಲ, ನೆಲದ ಮ್ಯಾಲ ನೆರಳು ಬೇರೆ ಐತಿ. ಮೆಟ್ಟಿಲು ಇರಬೇಕು.’

ಮಾವ ಗಾದಿಯಿಂದ ಎದ್ದೇಬಿಟ್ಟರು. ಭೂತಗನ್ನಡಿ ಕಣ್ಣಿಗೆ ಒತ್ತಿ ಮೂಗು ಫೋಟೋಕ್ಕೆ ತಾಗಿಸಿ ನೋಡಿದರು. ಮೆಟ್ಟಿಲಿನ ಮೂಲೆ, ಮದುಮಗನ ಭುಜದ ಹಿಂದೆ ಬಾಗಿಲ ಕೀಲು. ಪಕ್ಕಬಾಗಿಲಿನ ಚಪ್ಪರ. ಒಂಬತ್ತು ವರ್ಷ ನಾನು ಕಾಯುತ್ತಿದ್ದ ಗಾಡಿ ನನ್ನ ಕೈಯಲ್ಲೇ ಇದ್ದು, ನಾನು ಅದನ್ನು ಮಾಮೂಲು ಎಂದಿದ್ದೆ. ಅವನು ಬಂದು ಎರಡು ವರ್ಷವೂ ಆಗಿರಲಿಲ್ಲ. ಆಗ ನನ್ನ ಹೊಟ್ಟೆಯೊಳಗೆ ಎದ್ದ ಉರಿಯನ್ನು ಏನೆಂದು ಹೇಳಲಿ. ಒಲೆ ಬೇಡ, ಅದರ ಮೇಲೆ ಅನ್ನ ಬೇಯಿಸಬಹುದಿತ್ತು.

ಅವನು ಕಾಣದೆ ಇರುವುದನ್ನು ನಾನು ಕಾಣಲೇಬೇಕಿತ್ತು. ಫೋಟೋ ಕಿತ್ತುಕೊಂಡು ಮರದಡಿ ಕೂತೆ. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಸಂಜೆಯ ಹೊತ್ತಿಗೆ ಸಿಕ್ಕಿತು: ಮದುಮಗಳ ಸೆರಗು. ನಮ್ಮ ಮನೆಗಳಲ್ಲಿ ಸೆರಗು ಎಡ ಭುಜದ ಮೇಲೆ ಬರುತ್ತದೆ. ಇವಳಿಗೆ ಬಲ ಭುಜದ ಮೇಲಿತ್ತು. ಸ್ಟುಡಿಯೋದವರು ಗಾಜಿನ ಪ್ಲೇಟನ್ನು ಮಗುಚಿ ಇಟ್ಟು ಅಚ್ಚು ಹಾಕಿದರೆ ಎಡ ಬಲ ಅದಲುಬದಲಾಗುತ್ತದೆ. ಅಂಗಡಿಯ ಬೋರ್ಡು ಕನ್ನಡಿಯ ಅಕ್ಷರವಾಗಿ ಬಿದ್ದಿದ್ದ ಫೋಟೋ ನಾನೇ ನೋಡಿದ್ದೆ. ಇದೂ ಮಗುಚಿದ ಫೋಟೋ. ಹಾಗಾದರೆ ಬಾಗಿಲು ಗಾಡಿಯ ಎಡಕ್ಕಲ್ಲ, ಬಲಕ್ಕೆ.

ಮಾವನಿಗೆ ಹೇಳಿದೆ. ಅವರ ಮುಖ ಅರಳಿತು. ‘ಇದು ನನಗೂ ಹೊಳೆದಿದ್ದಿಲ್ಲ ಅಳಿಯಾರ,’ ಎಂದರು. ಆ ಒಂದು ಮಾತಿಗೆ ನಾನು ಊಟ ಬಿಟ್ಟದ್ದು ಸಾರ್ಥಕವಾಯಿತು.

ಅವನು ಕತ್ತು ಕೆರೆದುಕೊಂಡ. ‘ತಪ್ಪು ತಿಳೀಬ್ಯಾಡ್ರಿ ಅಣ್ಣ. ಫೋಟೋದಾಗ ಹೆಣ್ಣು ಗಂಡಿನ ಎಡಕ್ಕ ನಿಂತಾಳ. ಮಗುಚಿದ್ರ ಬಲಕ್ಕ ನಿಂತಂಗಾತು. ಹೆಂಡ್ತಿ ಬಲಕ್ಕ ನಿಲ್ಲೋದು ಯಾವ ಹಿರೇರು ಒಪ್ತಾರ?’

‘ಮದುವಿ ಮುಗಿಯೋ ತನಕ ಹೆಣ್ಣು ಬಲಕ್ಕ ಕೂಡ್ತಾಳ, ಗೊತ್ತಿಲ್ಲೇನು ನಿನಗ,’ ಎಂದೆ. ‘ಫೋಟೋ ಅದಕ್ಕೂ ಮುಂಚೆ ತೆಗೆದಿದ್ರ? ಮತ್ತ ಈ ಗಾಡಿ ಅಮೆರಿಕದ್ದು. ಅಲ್ಲಿ ಗಾಡಿ ರಸ್ತೆದಾಗ ಬಲಕ್ಕ ಹೋಗ್ತಾವ. ಜನ ಇಳಿಯೋ ಬಾಗ್ಲಾನೂ ಬಲಕ್ಕ.’

‘ಸೆರಗು ಕೆಲವರು ಬಲಕ್ಕ—’

‘ನೀ ಎಷ್ಟು ಮಂದಿ ಹೆಂಗಸರ ಸೆರಗು ನೋಡ್ಕೊಂತ ತಿರುಗಾಡೀದಿ?’ ಎಂದೆ. ಅವನು ಕೆಂಪಾಗಿ ಬಣ್ಣದ ಡಬ್ಬಿಯ ಕಡೆ ತಿರುಗಿದ.

ಗಾಡಿಯ ಅಡಿಪಟ್ಟಿಯಲ್ಲಿ ಹಳೆಯ ಮೆಟ್ಟಿಲಿನ ಗುರುತೇನಾದರೂ ಇದೆಯೇ ಎಂದರೆ, ಮರದ ಬಾಡಿ ಕೂಡಿಸಿದವರು ಎರಡೂ ಕಡೆ ಜರಡಿಯಂತೆ ತೂತು ಹೊಡೆದಿದ್ದರು. ಗಿರಾಕಿಯನ್ನೇ ಕೇಳಿ ಗಾಡಿ ಕಟ್ಟುವುದು ಮಾವನ ಲೆಕ್ಕದಲ್ಲಿ ಕಸುಬಿಗೇ ಅವಮಾನ. ಅವರು, ‘ದೊಡ್ಡಳಿಯಾರು ಹೇಳಿದ್ದೇ ಖರೆ ಕಾಣಸ್ತೈತಿ. ಗಾಡಿ ಅವರೇ ಕಟ್ಟಲಿ,’ ಎಂದರು. ಗಾದಿ ನನ್ನದಾಯಿತು ಎಂದು ನಾನು ಲೆಕ್ಕ ಹಾಕಿದೆ. ಅವನನ್ನು ಕೈಕೆಳಗೆ ಇಟ್ಟುಕೊಂಡು ಕೆಲಸ ಶುರುಮಾಡಿದೆ. ಬೇಕೆಂದೇ ಅವನಿಗೆ ತುಕ್ಕಿಗೆ ಉಪ್ಪುಕಾಗದ ಉಜ್ಜುವ ಕೆಲಸ ಕೊಟ್ಟೆ. ತುಟಿಪಿಟಕ್ಕೆನ್ನದೆ ಉಜ್ಜಿದ.

ಈಗ ಬರೆಯಬೇಕಾದದ್ದನ್ನು ಬರೆಯುತ್ತೇನೆ.

ಒಂದು ಗುರುವಾರ ಅವನನ್ನು ಗುಂತಕಲ್ಲಿಗೆ ಗಾಜು ತರಲು ಕಳಿಸಿದ್ದೆ. ಮಾವ ಮನೆಯಲ್ಲಿದ್ದರು. ಬಲಪಕ್ಕದ ತಗಡು ಕತ್ತರಿಸಿ, ಬಾಗಿಲಿಗೆ ಜಾಗ ಬಿಟ್ಟು, ಕೂಡಿಸಲು ಎತ್ತಿ ನಿಲ್ಲಿಸಿದ್ದೆ. ರಿವೆಟ್ಟು ಒಂದೂ ಹೊಡೆದಿರಲಿಲ್ಲ. ಆಗ ಆಸ್ಪರಿಯ ಮುದುಕಿ ತನ್ನ ಸೊಸೆಯೊಂದಿಗೆ ಗಾಡಿ ಎಲ್ಲಿಗೆ ಬಂತು ಎಂದು ನೋಡಲು ಬಂದಳು. ಒಳಗಿನ ಸದ್ದಿಗೂ ಹೊಗೆಗೂ ಹೆದರಿ ಬೇವಿನ ಮರದಡಿಯೇ ನಿಂತಳು. ನಾನು ಹೊರಗೆ ಬಂದು ಕೈ ಮುಗಿದೆ. ಮುಗಿದ ಕೈ ಹಾಗೆಯೇ ನಿಂತಿತು.

ಮುದುಕಿಯ ಸೆರಗು ಬಲ ಭುಜದ ಮೇಲಿತ್ತು. ಸೊಸೆಯ ಸೆರಗೂ ಬಲ ಭುಜದ ಮೇಲೆ.

ಅವರ ಮನೆತನದಲ್ಲಿ ಉಡುವುದೇ ಹಾಗೆ. ಫೋಟೋ ನೆಟ್ಟಗಿತ್ತು. ಬಾಗಿಲು ಎಡಕ್ಕೇ. ಅವನು ಹೇಳಲು ಹೋಗಿದ್ದ ಅರ್ಧ ಮಾತು ಇಡಿಯಾಗಿ ನನ್ನ ಮುಂದೆ ಬಂದು ನಿಂತಿತ್ತು.

ಇನ್ನೂ ಏನೂ ಕೆಟ್ಟಿರಲಿಲ್ಲ. ತಗಡು ಬಿಚ್ಚಿ ಆ ಕಡೆಗೆ ಒಯ್ಯಲು ಅರ್ಧ ದಿನ ಸಾಕಿತ್ತು. ಅಷ್ಟೂ ಬೇಡ, ‘ಅಮ್ಮಾ, ನೀವು ಯಾವ ಕಡೆಯಿಂದ ಹತ್ತುತ್ತಿದ್ದಿರಿ’ ಎಂದು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ನಾನು ಕೇಳಲಿಲ್ಲ. ಕೇಳಿದರೆ ಅವನು ಗೆದ್ದ ಹಾಗಾಗುತ್ತಿತ್ತು. ಮುದುಕಿಗೆ ಮಜ್ಜಿಗೆ ತರಿಸಿಕೊಟ್ಟೆ, ಶ್ರಾವಣದ ಒಳಗೆ ಗಾಡಿ ಬರುತ್ತದೆ ಎಂದೆ, ಸ್ಟೇಷನ್ನಿಗೆ ಕಳಿಸಿದೆ. ಒಳಗೆ ಬಂದು ಬಲಕ್ಕೇ ರಿವೆಟ್ಟು ಹೊಡೆಯತೊಡಗಿದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುತ್ತಾರಲ್ಲ, ನಾಲ್ಕನೆಯ ಕಾಲನ್ನು ಕಣ್ಣಾರೆ ನೋಡಿದ ಮೇಲೂ ನಾನು ಹಾಗೆಯೇ ಅಂದೆ.

ಸಂಜೆಗೆ ಅವನು ಗಾಜು ಹೊತ್ತು ಬಂದ. ನಾನು ಕೊನೆಯ ಸಾಲಿನಲ್ಲಿದ್ದೆ.

‘ಅಣ್ಣ, ಆಸ್ಪರಿ ಅಮ್ಮನ್ನ ಸ್ಟೇಷನ್ನಿನ್ಯಾಗ ಕಂಡೆ,’ ಎಂದ. ‘ಇಲ್ಲಿಗೆ ಬಂದಿದ್ರಂತ.’

‘ಹ್ಞೂಂ.’

‘ನೋಡಿದ್ರೇನು?’

‘ನೋಡಿದೆ.’

ಅವನು ತಗಡನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ಗಾಜನ್ನು ಹುಲ್ಲಿನ ಮೇಲೆ ಒರಗಿಸಿ ಕೈಕಾಲು ತೊಳೆಯಲು ಹೋದ. ಅವನು ಜಗಳಕ್ಕೆ ಬರಲಿ ಎಂದು ಕಾದೆ. ಬರಲಿಲ್ಲ. ಮಾವನ ಹತ್ತಿರ ಹೋಗಿ ಚಾಡಿ ಹೇಳುತ್ತಾನೆ ಎಂದು ಕಾದೆ. ಅದೂ ಇಲ್ಲ. ಮುಂದಿನ ಹತ್ತು ದಿನ ಅವನು ಆ ಗಾಡಿಗೆ ಬಳಿದ ಬಣ್ಣ ಆದೋನಿಯಲ್ಲಿ ಯಾರೂ ಬಳಿದಿರಲಿಲ್ಲ.

ಗಾಡಿ ಒಯ್ಯುವ ದಿನ ಮುದುಕಿ ಮಗನೊಂದಿಗೆ ಬಂದಳು. ಮಾವ ಗಾದಿಯ ಮೇಲೆ ಕೂತಿದ್ದರು, ನಾವಿಬ್ಬರೂ ಅವರ ಪಕ್ಕ ನಿಂತಿದ್ದೆವು. ಗಾಡಿ ಹಸಿರು ಬಣ್ಣದಲ್ಲಿ ಮದುವೆಮನೆಯ ಹಾಗೆ ಹೊಳೆಯುತ್ತಿತ್ತು. ಮುದುಕಿ ಅದರ ಮೂತಿ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಯಾರನ್ನೂ ಕೇಳದೆ, ಯಾರೂ ತೋರಿಸದೆ, ನೇರ ಗಾಡಿಯ ಎಡಮಗ್ಗುಲಿಗೆ ಹೋದಳು. ಬಲ ಭುಜದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈಯನ್ನು ತಗಡಿಗೆ ಆನಿಸಿ, ಕಾಲು ಎತ್ತಿದಳು. ಎತ್ತಿದ ಕಾಲು ಗಾಳಿಯಲ್ಲಿ ಹುಡುಕಿತು. ಅಲ್ಲಿ ಬರೀ ತಗಡು. ಬಿದ್ದುಬಿಡುತ್ತಿದ್ದಳು, ಮಗ ರಟ್ಟೆ ಹಿಡಿದ.

‘ಮೆಟ್ಟು ಏದಿ ನಾಯನಾ?’ ಎಂದಳು. ಮೆಟ್ಟಿಲು ಎಲ್ಲಪ್ಪಾ ಎಂದು. ಸಿಟ್ಟಿನಿಂದಲ್ಲ. ತನಗೇ ಮರೆತುಹೋಯಿತೇನೋ ಎಂಬಂತೆ ಕೇಳಿದಳು.

ಮಾವನಿಗೆ ಅಷ್ಟು ದೂರದ್ದು ಕಾಣುತ್ತಿರಲಿಲ್ಲ. ‘ಏನಾತು?’ ಎಂದರು. ಮಗ ತಾಯಿಯನ್ನು ಹಿಂದಕ್ಕೆ ಕರೆತಂದ. ‘ಏನಾತು ಅಂದ್ರ? ಬಾಗ್ಲಾ ಎಲ್ಲಿ ಬಂದೈತಿ?’

ಷಡ್ಡಕ ಒಂದು ಹೆಜ್ಜೆ ಮುಂದೆ ಬಂದ.

‘ನನ್ನ ತಪ್ಪು ಮಾವ,’ ಎಂದ. ‘ಈ ಅಮ್ಮ ಮೊನ್ನೆ ಗಾಡಿ ನೋಡಾಕ ಬಂದಿದ್ರಲ್ಲ, ಅಣ್ಣ ಅವರ ಸೆರಗು ನೋಡಿ, ಫೋಟೋ ನೆಟ್ಟಗೇ ಐತಿ, ನಂದೇ ತಪ್ಪಾತು, ಬಾಗ್ಲಾ ಎಡಕ್ಕ ತಗೊಂಡು ಹೋಗು ಅಂತ ನನಗ ಹೇಳಿದ್ರು. ನಾ ಮರೆತು ಬಲಕ್ಕೇ ಬಿಟ್ಟೆ.’

ಇದಕ್ಕಿಂತ ಅವನು ನನ್ನ ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು. ನಾನು ಮಾಡಬೇಕಾಗಿದ್ದು ಏನೋ, ಆಡಬೇಕಾಗಿದ್ದ ಮಾತು ಯಾವುದೋ, ಅದನ್ನೆಲ್ಲ ನಾನು ಮಾಡಿದೆ, ಆಡಿದೆ ಎಂದು ಒಂದಕ್ಷರ ತಪ್ಪದೆ ಹೇಳಿದ. ಆ ಮರದಡಿ ನಾನು ನಿಂತದ್ದನ್ನು ಅವನು ನೋಡಿರಲಿಲ್ಲ. ಆದರೂ ಕಂಡಿದ್ದ.

ಮಾವ ಮೊದಲು ಅವನಿಗೆ ಬೈದರು. ‘ನಿನಗ ಕಣ್ಣು ಕೊಟ್ಟಾನ ದೇವರು, ಕಿವಿ ಕೊಡಲಿಲ್ಲ. ಹಿರೇರು ಹೇಳಿದ್ದು ತಲೀಗೆ ಹೋಗದಿದ್ರ ಎಂಥಾ ಕಣ್ಣಿದ್ದು ಏನು ಮಾಡೋದು?’ ಆಸ್ಪರಿಯವರ ಮುಂದೆ, ಬೀದಿಗೆ ಕೇಳುವ ಹಾಗೆ ಬೈದರು. ಅವನು ತಲೆ ತಗ್ಗಿಸಿ ನಿಂತಿದ್ದ. ಆಮೇಲೆ ಮಾವ ನನ್ನ ಕಡೆ ತಿರುಗಿದರು. ಅವರ ದನಿ ಮೆತ್ತಗಾಯಿತು.

‘ಅಳಿಯಾರ, ನಾ ಫೋಟೋ ಓದೋ ಕಣ್ಣು ಹುಡುಕ್ತಿದ್ದೆ,’ ಎಂದರು. ‘ತನ್ನ ಮಾತು ತಪ್ಪು ಅಂತ ಕಂಡ ಕೂಡ್ಲೆ ತಿದ್ದಿಕೊಂಡ್ರಲ್ಲ, ಅದು ಅದಕ್ಕಿಂತ ದೊಡ್ಡದು. ಇಷ್ಟು ವರ್ಷ ಗಾದಿ ಮ್ಯಾಲೆ ಕೂತೂ ನನಗ ಅದು ಬರಲಿಲ್ಲ. ಕೂಡ್ರಿ ಬರ್ರಿ.’

ಎದ್ದು ನನ್ನ ಕೈ ಹಿಡಿದು ಗಾದಿಯ ಮೇಲೆ ಕೂರಿಸಿದರು. ಬಾಯಿ ಬಿಡಬಹುದಿತ್ತು. ಇಲ್ಲ ಮಾವ, ಅವನು ಸುಳ್ಳು ಹೇಳುತ್ತಿದ್ದಾನೆ ಎನ್ನಬಹುದಿತ್ತು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಹಾಗೆ ಕೂತೆ. ಆಸ್ಪರಿಯ ರೈತ ನನಗೆ ಕೈ ಮುಗಿದ. ಮುದುಕಿಯೂ ಮುಗಿದಳು.

ಬಾಗಿಲನ್ನು ಎಡಕ್ಕೆ ಒಯ್ಯಲು ಎರಡು ದಿನ ಹಿಡಿಯಿತು. ಅವನು ಹೊರಗಿನಿಂದ ರಿವೆಟ್ಟು ಹೊಡೆಯುತ್ತಿದ್ದ, ನಾನು ಒಳಗಿನಿಂದ ಕಬ್ಬಿಣದ ತುಂಡು ಒತ್ತಿ ಹಿಡಿದಿದ್ದೆ. ನಡುವೆ ತಗಡು ಇದ್ದುದರಿಂದ ಮುಖ ಕಾಣುತ್ತಿರಲಿಲ್ಲ. ಅದರಿಂದಲೇ ಕೇಳಲು ಧೈರ್ಯ ಬಂತು.

‘ಯಾಕ ಹಂಗಂದೆ?’

ಸುತ್ತಿಗೆ ನಿಂತಿತು. ‘ಹೊರಗಿನವರ ಮುಂದ ಮಾವ ದೊಡ್ಡಳಿಯನ್ನ ಬೈದ್ರ ಚಲೋ ಇರಂಗಿಲ್ಲಣ್ಣ. ಮಗಳನ್ನ ಕೊಟ್ಟೋರು. ಬೈದ್ರ ಮಾವಗೇ ಮೂರು ದಿನ ಕೂಳು ಸೇರಂಗಿಲ್ಲ. ನನಗ ಬೈದ್ರೇನು, ನಾ ಸಣ್ಣವ.’ ಸುತ್ತಿಗೆ ಮತ್ತೆ ಶುರುವಾಯಿತು.

ನನಗಾಗಿ ಹೇಳಿದ ಎಂದಾದರೂ ಅಂದುಕೊಂಡಿದ್ದೆ. ನನಗಾಗಿಯೂ ಅಲ್ಲ. ಮುದುಕನ ಊಟಕ್ಕಾಗಿ ಗಾದಿ ಬಿಟ್ಟುಕೊಟ್ಟಿದ್ದ. ನಾನು ಒಂಬತ್ತು ವರ್ಷ ನಿದ್ದೆಯಲ್ಲೂ ಹಂಬಲಿಸಿದ್ದನ್ನು ಅವನು ಎಲೆ ಮೇಲಿನ ಉಪ್ಪಿನಷ್ಟು ಸಲೀಸಾಗಿ ಆಚೆ ಸರಿಸಿದ್ದ. ಅವನ ಕಣ್ಣಿನ ಮೇಲೆ ನನಗಿದ್ದ ಹೊಟ್ಟೆಕಿಚ್ಚು ಆ ಕ್ಷಣ ಎಲ್ಲಿ ಹೋಯಿತೋ ಗೊತ್ತಿಲ್ಲ. ಅದರ ಜಾಗದಲ್ಲಿ ಅದರ ಹತ್ತರಷ್ಟು ಬಂದು ಕೂತಿತು.

ಆ ಕೆಲಸ ಮುಗಿದ ರಾತ್ರಿ ಮನೆಯಲ್ಲಿ ಹೆಂಡತಿ ಅನ್ನ ಬಡಿಸಿ, ‘ನನ್ನ ತಂಗಿ ಎರಡು ದಿನದಿಂದ ಅಳಾಕತ್ಯಾಳ್ರಿ,’ ಎಂದಳು. ‘ಗಂಡ ಯಾವತ್ತೂ ಏನೂ ಮರೆಯೋನಲ್ಲ, ಇದನ್ನ ಹೆಂಗ ಮರೆತ ಅಂತ ಕೇಳ್ತಾಳ. ನಾ ಏನು ಹೇಳ್ಲಿ?’ ನಾನು ಸಾರು ಹಾಕು ಎಂದೆ.

ಮಾರನೆಯ ದಿನ ನಾನು ಬೇಗ ಹೋಗಿ ಗಾದಿಯ ಮೇಲೆ ಕೂತೆ. ಅವನು ಎಂದಿನ ಹೊತ್ತಿಗೆ ಬಂದ. ಚಪ್ಪಲಿ ಬಿಟ್ಟ, ಅಂಗಿ ಕಳಚಿ ಮೊಳೆಗೆ ಹಾಕಿದ. ನನ್ನ ಮುಂದೆ ಬಂದು ನಿಂತು, ಅವತ್ತಿನ ತನಕ ಅಣ್ಣ ಎನ್ನುತ್ತಿದ್ದವನು, ‘ಮೇಸ್ತ್ರಿ, ಇವತ್ತೇನು ಕೆಲಸ ಹೇಳ್ರಿ,’ ಎಂದ. ಆ ಮಾತಿನಲ್ಲಿ ಎಲ್ಲಾದರೂ ಕುಹಕ ಇದೆಯೇ ಎಂದು ಅವತ್ತು ಇಡೀ ದಿನ ಹುಡುಕಿದೆ. ಆಮೇಲೆ ಇಪ್ಪತ್ತು ವರ್ಷ ದಿನಾ ಬೆಳಿಗ್ಗೆ ಹಾಗೆಯೇ ಕೇಳಿದ, ನಾನೂ ಹಾಗೆಯೇ ಹುಡುಕಿದೆ. ಒಂದು ದಿನವೂ ಸಿಗಲಿಲ್ಲ. ಒಂದೇ ಒಂದು ದಿನ ಸಿಕ್ಕಿದ್ದರೆ ನಾನು ಅವನನ್ನು ಕ್ಷಮಿಸಿಬಿಡುತ್ತಿದ್ದೆ.